ಅಪ್ಪ, ಕರಕಿ ಮತ್ತು ಹುಲ್ಲು ಕತ್ತರಿಸುವ ಯಂತ್ರ

"ಹೊಲದಾಗ ಕರಕಿ ಹೊಕ್ಕರ ಅದನ್ನ ಕೀಳದ್ರಾಗ ಜೀವ ಹೋಗತೈತಿ. ನೀ ಮನೀ ಮುಂದ ಕರಕಿ ಸಾಕಾಕ ರೊಕ್ಕ ಕೊಟ್ಟು ಮಷೀನ್ ತರ್ತೀನಂತೀಯಲ್ಲೋ!"

ನಮ್ಮಪ್ಪನ ಮಾತಿದು. ಹೋದ ಮಳೆಗಾಲದಲ್ಲಿ ಮಟಮಾರಿಗೆ ಹೋದಾಗ ನಮ್ಮಿಬ್ಬರ ನಡುವೆ ನಡೆದ ಜಗಳದ ಮೊದಲ ಸಾಲು. ಮಟಮಾರಿ ಗೊತ್ತಿಲ್ಲದವರಿಗೆ: ರಾಯಚೂರಿನಿಂದ ಗುಂತಕಲ್ ಕಡೆ ರೈಲಲ್ಲಿ ಹೊರಟರೆ ಮಂತ್ರಾಲಯ ರೋಡ್ ಬರುವುದಕ್ಕೆ ಮುಂಚೆ ಸಿಗುತ್ತೆ. ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವವರು ಬೋರ್ಡು ಓದುವಷ್ಟರಲ್ಲಿ ಊರು ಹಿಂದೆ ಹೋಗಿರುತ್ತೆ :-)

ವಿಷಯ ಏನಂದ್ರೆ, ನಮ್ಮ ಹಿತ್ತಲಲ್ಲಿ ಮೊದಲು ದನದ ಮನೆ, ಬಣವಿ, ತಿಪ್ಪೆ ಎಲ್ಲಾ ಇದ್ದವು. ಎರಡು ವರ್ಷದ ಹಿಂದೆ ಅಪ್ಪನಿಗೆ ಮಂಡಿನೋವು ಜಾಸ್ತಿಯಾಗಿ ಕೊನೆಯ ಜೋಡೆತ್ತು ಮಾರಿದ. ಹೊಲ ಪಾಲಿಗೆ ಹೋಯಿತು. ದನದ ಮನೆ ಕೆಡವಿ ಎರಡು ಕೋಣೆ ಕಟ್ಟಿಸಿದೆವು, ಅದರ ಮುಂದೆ ಸುಮಾರು 40 ಅಡಿ ಉದ್ದ 25 ಅಡಿ ಅಗಲದ ಜಾಗ ಖಾಲಿ ಉಳಿಯಿತು. ಮೂರು ತಲೆಮಾರಿನ ಎತ್ತುಗಳ ಸಗಣಿ ಗಂಜಲ ಕುಡಿದ ನೆಲ ಅದು. ಬಚ್ಚಲ ನೀರೂ ಅತ್ತಲೇ ಹರಿಯುತ್ತೆ. ಯಾರೂ ನೆಡದೆ, ಯಾರೂ ಕೇಳದೆ ಅಲ್ಲಿ ಕರಕಿ ಬಂತು. ನಾನು ಬೆಂಗಳೂರಿಂದ ಬಂದವನು ಬೆಳಗ್ಗೆ ಬರಿಗಾಲಲ್ಲಿ ಅದರ ಮೇಲೆ ನಿಂತೆ. ಬೆಂಗಳೂರಲ್ಲಿ ನಮ್ಮ ಆಫೀಸಿನ ಕ್ಯಾಂಪಸ್ಸಿನಲ್ಲಿ ಇಂಥದ್ದೇ ಹುಲ್ಲಿನ ಪಕ್ಕ 'ಕಾಲಿಡಬೇಡಿ' ಅಂತ ಬೋರ್ಡು ಇದೆ. ಇಲ್ಲಿ ನಮ್ಮದೇ! ಇದನ್ನು ಹೀಗೇ ಉಳಿಸೋಣ, ಕತ್ತರಿಸಿ ಒಪ್ಪ ಮಾಡೋಣ ಅಂದೆ. ಅಪ್ಪ ಗುದ್ದಲಿ ಹುಡುಕುತ್ತಿದ್ದ.

ಅಪ್ಪನ ಸಿಟ್ಟು ಸುಮ್ಮನೆ ಅಲ್ಲ. ಗರಿಕೆ ಅಂತ ನೀವು ಹೇಳುವುದೇ ನಮ್ಮ ಕಡೆ ಕರಕಿ. ಉತ್ತರದವರ 'ದೂಬ್', ಸಸ್ಯಶಾಸ್ತ್ರದ 'ಸೈನೊಡಾನ್ ಡ್ಯಾಕ್ಟಿಲಾನ್', ಅಮೆರಿಕದವರ 'ಬರ್ಮುಡಾ ಗ್ರಾಸ್' ಎಲ್ಲಾ ಇದೇ. ನೆಲದ ಮೇಲೆ ಒಂದು ಬಳ್ಳಿ ಓಡುತ್ತೆ, ನೆಲದ ಒಳಗೆ ಇನ್ನೊಂದು. ಎರೆಭೂಮಿಯಲ್ಲಿ ಕುಂಟಿ ಹೊಡೆದರೆ ಕುಂಟಿಯ ಅಲಗು ಬೇರನ್ನು ತುಂಡು ಮಾಡುತ್ತೆ ನಿಜ, ಆದರೆ ಒಂದೊಂದು ತುಂಡೂ ಹೊಸ ಗಿಡವಾಗುತ್ತೆ. ಒಂದು ಮೂಲೆಯಲ್ಲಿದ್ದದ್ದನ್ನು ಎತ್ತುಗಳೇ ಹೊಲದ ತುಂಬ ಹರಡಿದಂತೆ. ಬರಗಾಲದಲ್ಲಿ ಒಣಗಿ ಸತ್ತಂತೆ ಬಿದ್ದಿರುತ್ತೆ, ಎರಡು ಹನಿ ಬಿದ್ದರೆ ಎದ್ದು ಕೂರುತ್ತೆ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಾಗ ಸಲಿಕೆ ಗುದ್ದಲಿ ಹಿಡಿದು ಮೊಣಕಾಲುದ್ದ ಅಗೆದು ಬೇರು ಆರಿಸುವುದೊಂದೇ ದಾರಿ. ನಾನು ಶಾಲೆಯಲ್ಲಿದ್ದಾಗ ಅಪ್ಪ ಎರಡು ಬೇಸಿಗೆ ಆ ಕೆಲಸ ಮಾಡಿದ್ದು ನನಗೆ ನೆನಪಿದೆ. ಆ ಮಂಡಿನೋವಿನಲ್ಲಿ ಈ ಕರಕಿಯ ಪಾಲೂ ಇರಬೇಕು.

ಕೊನೆಗೆ ಅವ್ವ ರಾಜಿ ಮಾಡಿಸಿದಳು. ಹುಲ್ಲು ಇರಲಿ, ಆದರೆ ಉದ್ದ ಬೆಳೆದರೆ ಹಾವು ಸೇರುತ್ತೆ, ಹಾಗಾಗಿ ಗಿಡ್ಡಕ್ಕೆ ಇರಬೇಕು. ಅಪ್ಪ ಕುಡಗೋಲು ಹಿಡಿದು ಕುಕ್ಕರುಗಾಲಲ್ಲಿ ಕೂರುವ ಹಾಗಿಲ್ಲ, ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ನಾನು ತಿಂಗಳಿಗೊಮ್ಮೆ ಬರುವವನು. ಅಂದರೆ ಅಪ್ಪ ನಿಂತುಕೊಂಡೇ ನಡೆಸುವಂಥ ಯಂತ್ರ ಬೇಕು. ಎತ್ತು ಮಾರಿದ ಮೇಲೆ ಇಡೀ ದಿನ ಕಟ್ಟೆಯ ಮೇಲೆ ಕೂತು ರಸ್ತೆ ನೋಡುವ ಮನುಷ್ಯನಿಗೆ ಒಂದಿಷ್ಟು ನಡೆಯುವ ಕೆಲಸವೂ ಆದೀತು ಅನ್ನುವುದು ನನ್ನ ಒಳಲೆಕ್ಕ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಯಂತ್ರ ಬರುತ್ತಲೇ ಇರಲಿಲ್ಲ.

ರಾಯಚೂರಿಗೆ ಹೋಗಿ ಅಂಗಡಿಯಲ್ಲಿ 'ಲಾನ್ ಮೋವರ್' ಅಂದರೆ ಹೆಗಲಿಗೆ ನೇತುಹಾಕುವ ಬ್ರಷ್ ಕಟರ್ ತೋರಿಸಿದರು. ಬದುವಿನ ಹುಲ್ಲಿಗೆ, ಕಾಲುವೆ ದಂಡೆಗೆ ಅದು ಸರಿ. ನೆಲ ಸಮ ಮಾಡಿ ಕತ್ತರಿಸಲು ಅಲ್ಲ. ಇನ್ನೊಂದು ಅಂಗಡಿಯವನು "ಸರ್, ರಾಯಚೂರಾಗ ಲಾನ್ ಯಾರ್ ಮಾಡ್ತಾರ್ರೀ" ಅಂತ ನಕ್ಕ. 40 ಡಿಗ್ರಿ ಬಿಸಿಲಿನ ಊರು, ಅವನ ಮಾತೂ ಸರಿ. ವಾಪಸ್ ಬಂದು ರಾತ್ರಿ ಮೊಬೈಲಲ್ಲಿ ಹುಡುಕುತ್ತಾ ಕೂತೆ. ಸಿಲಿಂಡರ್, ರೋಟರಿ, ಹೋವರ್, ಬ್ಯಾಟರಿ, ರೋಬೋಟ್... ಇಷ್ಟೊಂದು ಬಗೆ ಯಾಕೆ ಅಂತ ಒಂದೊಂದರ ಹುಟ್ಟು ಕೆದಕಲು ಶುರು ಮಾಡಿದೆ. ಆಯ್ಕೆ ಬದಿಗೆ ಹೋಯಿತು, ಇತಿಹಾಸ ಹಿಡಿದುಕೊಂಡಿತು. ಎಂಜಿನಿಯರುಗಳ ಹಣೆಬರಹ ಇದು, ಬಿಡಿ.

ಲಾನ್ ಅನ್ನುವುದು ಮೊದಲು ಶ್ರೀಮಂತಿಕೆಯ ಜಾಹೀರಾತು. ನನ್ನ ಹತ್ತಿರ ಎಷ್ಟು ನೆಲ ಇದೆ ಅಂದರೆ ಇಷ್ಟನ್ನು ಬೆಳೆ ಬೆಳೆಯದೆ ಸುಮ್ಮನೆ ಬಿಟ್ಟಿದ್ದೇನೆ ಅಂತ ಇಂಗ್ಲೆಂಡಿನ ಜಮೀನ್ದಾರರು ಹೇಳಿಕೊಳ್ಳುವ ರೀತಿ. ಕತ್ತರಿಸಲು ಇದ್ದದ್ದು ಎರಡೇ ಉಪಾಯ: ಕುರಿ ಮೇಯಿಸುವುದು, ಇಲ್ಲವೇ ಉದ್ದ ಹಿಡಿಯ ದೊಡ್ಡ ಕುಡಗೋಲು ಬೀಸುವ ಆಳುಗಳು. ಹುಲ್ಲು ಇಬ್ಬನಿಯಲ್ಲಿ ನೆನೆದಿದ್ದರೆ ಮಾತ್ರ ಅಲಗಿಗೆ ಸರಿಯಾಗಿ ಸಿಗುತ್ತೆ, ಹಾಗಾಗಿ ನಸುಕಿನಲ್ಲೇ ಕೆಲಸ. ಬಿಸಿಲೇರಿದರೆ ಹುಲ್ಲು ಬಾಗಿ ತಪ್ಪಿಸಿಕೊಳ್ಳುತ್ತೆ.

ಇದನ್ನು ಬದಲಿಸಿದವನು ಎಡ್ವಿನ್ ಬಿಯರ್ಡ್ ಬಡ್ಡಿಂಗ್. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಪಟ್ಟಣದ ಪಕ್ಕದ ಥ್ರಪ್ ಅನ್ನುವ ಹಳ್ಳಿಯವನು, ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್. ಸ್ಟ್ರೌಡ್ ಸೀಮೆ ಉಣ್ಣೆ ಬಟ್ಟೆಗೆ ಹೆಸರುವಾಸಿ. ಅಲ್ಲಿಯ ಕಡುಗೆಂಪು ಬಟ್ಟೆಯಿಂದ ಬ್ರಿಟಿಷ್ ಸಿಪಾಯಿಗಳ ಕೆಂಪು ಕೋಟು ಹೊಲಿಯುತ್ತಿದ್ದರು. ಉಣ್ಣೆ ಬಟ್ಟೆ ನೇಯ್ದ ಮೇಲೆ ಮೈತುಂಬ ನವಿರು ಎದ್ದಿರುತ್ತೆ. ಅದನ್ನು ಸಮನಾಗಿ ಬೋಳಿಸಲು ಗಿರಣಿಗಳಲ್ಲಿ ಒಂದು ಯಂತ್ರ ಇತ್ತು: ಸುರುಳಿ ಸುತ್ತಿದ ಅಲಗುಗಳ ಸಿಲಿಂಡರ್ ಗಿರಗಿರ ತಿರುಗುತ್ತೆ, ಅದರ ಕೆಳಗೆ ಒಂದು ನೆಟ್ಟನೆಯ ಅಲಗು ಅಲುಗಾಡದೆ ಇರುತ್ತೆ, ಇವೆರಡರ ನಡುವೆ ಸಿಕ್ಕ ನವಿರು ಕತ್ತರಿಯಲ್ಲಿ ಸಿಕ್ಕಂತೆ ಕಚಕ್. ಬಡ್ಡಿಂಗ್ ಇದನ್ನು ನೋಡಿ, ಬಟ್ಟೆಯ ಜಾಗದಲ್ಲಿ ನೆಲ, ನವಿರಿನ ಜಾಗದಲ್ಲಿ ಹುಲ್ಲು ಇಟ್ಟು ಯೋಚಿಸಿದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶುದ್ಧ ಕೋಡ್ ರೀಯೂಸ್ :-) (ನಮ್ಮ ಕಡೆಯ ಕುರಿಕಂಬಳಿ ಹೊದ್ದಿದ್ದರೆ ಅವನಿಗೆ ಈ ಯೋಚನೆ ಬರುತ್ತಿತ್ತೋ ಇಲ್ಲವೋ. ನಾವು ಅದರ ನವಿರನ್ನು ಬೋಳಿಸುವುದಿಲ್ಲ, ಚುಚ್ಚಿಸಿಕೊಂಡೇ ಮಲಗುತ್ತೇವೆ.)

1830ರ ಆಗಸ್ಟ್ 31ರಂದು ಪೇಟೆಂಟ್ ಸಿಕ್ಕಿತು. ಎರಕದ ಕಬ್ಬಿಣದ ಯಂತ್ರ, 19 ಅಂಗುಲ ಅಗಲ ಕತ್ತರಿಸುತ್ತಿತ್ತು. ಹಿಂದಿನ ರೋಲರ್ ನೆಲದ ಮೇಲೆ ಉರುಳಿದರೆ ಹಲ್ಲುಚಕ್ರಗಳ ಮೂಲಕ ಅಲಗಿನ ಸಿಲಿಂಡರ್ ತಿರುಗುತ್ತೆ. ರೋಲರ್ ಒಂದು ಸುತ್ತು ಬಂದರೆ ಸಿಲಿಂಡರ್ 16 ಸುತ್ತು. ಕತ್ತರಿಸಿದ ಹುಲ್ಲು ಮುಂದಿನ ತಟ್ಟೆಗೆ ಹಾರಿ ಬೀಳುತ್ತೆ. ಎಷ್ಟು ಗಿಡ್ಡಕ್ಕೆ ಕತ್ತರಿಸಬೇಕು ಅನ್ನುವುದಕ್ಕೆ ಇನ್ನೊಂದು ಪುಟ್ಟ ರೋಲರನ್ನು ಏರಿಸಿ ಇಳಿಸಬಹುದು. ಭಾರ ಎಷ್ಟಿತ್ತೆಂದರೆ ಹಿಂದೆ ಒಬ್ಬ ತಳ್ಳಿದರೆ ಮುಂದೆ ಇನ್ನೊಬ್ಬ ಎಳೆಯಲು ಎರಡನೇ ಹಿಡಿ ಬೇರೆ. ಅಕ್ಕಪಕ್ಕದವರು ಹುಚ್ಚ ಅಂದಾರು ಅಂತ ರಾತ್ರಿ ಹೊತ್ತು ಪರೀಕ್ಷೆ ಮಾಡುತ್ತಿದ್ದ ಅನ್ನುವ ಕತೆ ಇದೆ, ನಿಜವೋ ಸುಳ್ಳೋ, ಚೆನ್ನಾಗಿದೆ. ನನಗೆ ಇಷ್ಟವಾದದ್ದು ಪೇಟೆಂಟಿನಲ್ಲಿ ಅವನು ಸೇರಿಸಿದ ಒಂದು ಮಾತು: ಹಳ್ಳಿಯ ದೊಡ್ಡಮನುಷ್ಯರು ತಾವೇ ಈ ಯಂತ್ರ ನಡೆಸಿದರೆ ಅವರಿಗೆ ಮೋಜು, ಉಪಯೋಗ, ಆರೋಗ್ಯಕರ ವ್ಯಾಯಾಮ ಮೂರೂ ಸಿಗುತ್ತೆ ಅನ್ನುವ ಅರ್ಥದ್ದು. ನನ್ನ ಒಳಲೆಕ್ಕವನ್ನು ಸುಮಾರು ಇನ್ನೂರು ವರ್ಷ ಹಿಂದೆಯೇ ಒಬ್ಬ ಬರೆದಿಟ್ಟಿದ್ದ!

ಬಡ್ಡಿಂಗ್ ಹತ್ತಿರ ದುಡ್ಡಿರಲಿಲ್ಲ. ಜಾನ್ ಫೆರಾಬೀ ಅನ್ನುವ ಫೌಂಡ್ರಿ ಮಾಲೀಕ ಖರ್ಚು ಹಾಕಿ ತಯಾರಿಸುವ, ಮಾರುವ, ಬೇರೆಯವರಿಗೆ ಲೈಸೆನ್ಸ್ ಕೊಡುವ ಹಕ್ಕು ಪಡೆದ. ಮೊದಮೊದಲ ಯಂತ್ರಗಳಲ್ಲಿ ಒಂದು ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯಕ್ಕೆ ಹೋಯಿತು. 1832ರಲ್ಲಿ ಇಪ್ಸ್‌ವಿಚ್‌ನ ರ್‍ಯಾನ್ಸಮ್ಸ್ ಕಂಪನಿ ಲೈಸೆನ್ಸ್ ಪಡೆಯಿತು. ಬಡ್ಡಿಂಗ್ ಮಾತ್ರ 1846ರಲ್ಲಿ ತೀರಿಕೊಂಡ, ತನ್ನ ಯಂತ್ರ ಜಗತ್ತು ಸುತ್ತುವುದನ್ನು ನೋಡಲಿಲ್ಲ.

1830 ಅಂದ ತಕ್ಷಣ ನಮಗೆ ಬೇರೆಯದೇ ನೆನಪಾಗಬೇಕಲ್ಲವೇ? ಅದೇ ವರ್ಷ ಇಲ್ಲಿ ಸಂಗೊಳ್ಳಿ ರಾಯಣ್ಣ ಕಂಪನಿಯ ಮೇಲೆ ದಂಗೆ ಎದ್ದು ಸೆರೆಸಿಕ್ಕಿದ್ದ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲು. ಮೈಸೂರು ಸೀಮೆಯಲ್ಲಿ ನಗರದ ರೈತರು ಕಂದಾಯದ ವಿರುದ್ಧ ಎದ್ದದ್ದೂ ಆಗಲೇ, ಅದನ್ನೇ ನೆಪ ಮಾಡಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡರು. ಕೆಂಪು ಕೋಟಿನ ಬಟ್ಟೆ ಬೋಳಿಸುವ ಯಂತ್ರ ಅಲ್ಲಿ ತೋಟಕ್ಕೆ ಇಳಿಯುವ ಹೊತ್ತಿಗೆ ಇಲ್ಲಿ ಆ ಕೋಟಿನವರು ಊರಿಗೇ ಇಳಿದಿದ್ದರು.

ನಮ್ಮ ರಾಯಚೂರು ನಿಜಾಮನ ರಾಜ್ಯ. ಆದರೂ 1853ರ ಒಪ್ಪಂದದಲ್ಲಿ ಸೈನ್ಯದ ಸಾಲಕ್ಕೆ ಬೇರಾರ್ ಜೊತೆ ರಾಯಚೂರು ದೋಆಬವನ್ನೂ ನಿಜಾಮ ಕಂಪನಿಗೆ ಒಪ್ಪಿಸಿದ್ದ, 1860ರಲ್ಲಿ ವಾಪಸ್ ಬಂತು. ಆ ಏಳು ವರ್ಷ ಸಾಹೇಬರು ಇಲ್ಲಿ ಲಾನ್ ಬೆಳೆಸಿರಲಾರರು, ನಮ್ಮ ಬಿಸಿಲೇ ಬಿಟ್ಟಿರುವುದಿಲ್ಲ. 1871ರಲ್ಲಿ ಮದ್ರಾಸ್ ಕಡೆಯ ರೈಲೂ ಮುಂಬಯಿ ಕಡೆಯ ರೈಲೂ ರಾಯಚೂರಿನಲ್ಲಿ ಕೂಡಿದವು. ಆ ಹಳಿಯೇ ನಮ್ಮೂರ ಪಕ್ಕದ್ದು.

ಲಾನ್ ಬೇರೂರಿದ್ದು ದಂಡುಪ್ರದೇಶಗಳ ಬಂಗಲೆಗಳಲ್ಲಿ. ಬೆಂಗಳೂರಿನ ದಂಡು 1809ರದ್ದು. ಬಂಗಲೆ, ಅದರ ಸುತ್ತ ಕಾಂಪೌಂಡು, ಅದರೊಳಗೆ ಹುಲ್ಲು. ಇಂಗ್ಲೆಂಡಿನ ಹುಲ್ಲಿನ ಬೀಜ ತಂದು ಚೆಲ್ಲಿದರೆ ಇಲ್ಲಿಯ ಬೇಸಿಗೆ ತಡೆಯುವುದಿಲ್ಲ. ಕಾಲಕೆಳಗೇ ಇದ್ದ ದೂಬ್ ಹುಲ್ಲು ಕೈಹಿಡಿಯಿತು. ದೆಹಲಿಯ ರಾಷ್ಟ್ರಪತಿ ಭವನದ ತೋಟಕ್ಕೆ (2023ರಿಂದ ಅಮೃತ್ ಉದ್ಯಾನ) ಹಾಕಿದ್ದೂ ಇದೇ ದೂಬ್, ಅದನ್ನು ಕೋಲ್ಕತ್ತಾದಿಂದ ತರಿಸಿದ್ದರಂತೆ. ಇದನ್ನು ಅಪ್ಪನಿಗೆ ಓದಿ ಹೇಳಿದೆ. "ನಮ್ಮ ಹೊಲಕ್ಕ ಬಂದಿದ್ರ ಒಂದ್ ಬಂಡಿ ಪುಕ್ಕಟೆ ಕೊಡ್ತಿದ್ದೆ" ಅಂದ.

ಅಮೆರಿಕದವರು ಇನ್ನೂ ಮುಂದೆ ಹೋದರು. ಜಾರ್ಜಿಯಾ ರಾಜ್ಯದ ಟಿಫ್ಟನ್ ಅನ್ನುವಲ್ಲಿ ಗ್ಲೆನ್ ಬರ್ಟನ್ ಎಂಬ ತಳಿ ವಿಜ್ಞಾನಿ ಈ ಕರಕಿಯನ್ನು ಆಫ್ರಿಕಾದ ಅದರ ದಾಯಾದಿ ಹುಲ್ಲಿನ ಜೊತೆ ಕೂಡಿಸಿ ಹೊಸ ತಳಿಗಳನ್ನು ಮಾಡಿದ. 1960ರಲ್ಲಿ ಬಂದ 'ಟಿಫ್‌ವೇ' ಇವತ್ತಿಗೂ ಆಟದ ಮೈದಾನಗಳಲ್ಲಿದೆ. ಅಪ್ಪ ಎರಡು ಬೇಸಿಗೆ ಕಿತ್ತೆಸೆದದ್ದನ್ನು ಒಬ್ಬ ಮನುಷ್ಯ ಜೀವನವಿಡೀ ಬೆಳೆಸಿದ.

ಯಂತ್ರಕ್ಕೆ ವಾಪಸ್ ಬರೋಣ. ಕೈಯಲ್ಲಿ ತಳ್ಳುವುದು ದೊಡ್ಡ ತೋಟಗಳಿಗೆ ಸಾಲಲಿಲ್ಲ. 1840ರ ದಶಕದಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಶ್ಯಾಂಕ್ಸ್ ಕುದುರೆಮರಿ ಎಳೆಯುವ ಯಂತ್ರ ಮಾಡಿದ. ಗೊರಸಿನ ಗುರುತು ಹುಲ್ಲಿನ ಮೇಲೆ ಬೀಳಬಾರದು ಅಂತ ಕುದುರೆಗೆ ಚರ್ಮದ ಬೂಟು ಹಾಕುತ್ತಿದ್ದರು. 1859ರಲ್ಲಿ ಲೀಡ್ಸ್‌ನ ಥಾಮಸ್ ಗ್ರೀನ್ ಹಲ್ಲುಚಕ್ರದ ಬದಲು ಸರಪಳಿ ಹಾಕಿ ಸದ್ದು ಇಳಿಸಿದ. 1893ರಲ್ಲಿ ಜೇಮ್ಸ್ ಸಮ್ನರ್ ಹಬೆಯಿಂದ ಓಡುವುದಕ್ಕೆ ಪೇಟೆಂಟ್ ಪಡೆದ, 1902ರಲ್ಲಿ ರ್‍ಯಾನ್ಸಮ್ಸ್ ಪೆಟ್ರೋಲಿನದ್ದು ಮಾರಲು ತಂದಿತು. ನಮ್ಮ ದೇಶಕ್ಕೆ ಬಂದಾಗ ಕುದುರೆಯ ಜಾಗಕ್ಕೆ ಎತ್ತು ಬಂತು. ಕರ್ಜನ್ ವೈಸ್‌ರಾಯ್ ಆಗಿದ್ದಾಗ (1899-1905) ತಾಜ್‌ಮಹಲಿನ ಗಿಡಮರ ತುಂಬಿದ್ದ ಮೊಘಲ್ ತೋಟವನ್ನು ಇಂಗ್ಲಿಷ್ ಲಾನ್ ಮಾಡಿಸಿದ. ಆ ಹುಲ್ಲನ್ನು ಬಹಳ ಕಾಲ ಕತ್ತರಿಸಿದ್ದು ಎತ್ತು ಎಳೆಯುವ ಯಂತ್ರ. ಬಿಳಿ ಗುಂಬಜ್ ಹಿಂದೆ, ಮುಂದೆ ಎತ್ತಿನ ಜೋಡಿ, ಅದರ ಹಿಂದೆ ಬಡ್ಡಿಂಗನ ಸಿಲಿಂಡರ್. ಫೋಟೋಗಳು ಸುಲಭವಾಗಿ ಸಿಗುತ್ತವೆ, ಹುಡುಕಿ ನೋಡಿ.

ಅಪ್ಪನಿಗೆ ಇಡೀ ಕತೆಯಲ್ಲಿ ಹಿಡಿಸಿದ್ದು ಇದೊಂದೇ. ಫೋನು ಕಸಿದುಕೊಂಡು ಫೋಟೋ ದೊಡ್ಡದು ಮಾಡಿ ನೋಡಿದ. ನೊಗ ಹೇಗೆ ಕಟ್ಟಿದ್ದಾರೆ, ಎತ್ತು ಯಾವ ತಳಿ, ತಿರುವಿನಲ್ಲಿ ಹೇಗೆ ಹೊರಳಿಸುತ್ತಾರೆ... ನನಗೆ ಉತ್ತರ ಗೊತ್ತಿರಲಿಲ್ಲ. "ಎತ್ತು ಇದ್ದಾಗ ಹೇಳಬೇಕಿಲ್ಲೇನು ಇದನ್ನ" ಅಂದು ಸುಮ್ಮನಾದ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನ ಇರುವ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿದೆ, ಆ ಕಲ್ಲನ್ನು ಎತ್ತುಗಳ ಸಾಲು ಬಂಡಿಯಲ್ಲಿ ಎಳೆದು ತರುವ ಚಿತ್ರವೂ ಅಲ್ಲೇ ಕೊರೆದಿದೆ. ನಾನು ಚಿಕ್ಕವನಿದ್ದಾಗ ಅಪ್ಪ ಹೆಗಲ ಮೇಲೆ ಹೊತ್ತು ತೋರಿಸಿದ್ದು ಶಾಸನವನ್ನಲ್ಲ, ಆ ಎತ್ತುಗಳನ್ನು. ಆ ದಿನ ನಾನು ಮತ್ತೆ ಮೋವರ್ ಮಾತು ಎತ್ತಲಿಲ್ಲ.

ನಮ್ಮವರು ಯಾರೂ ಹುಲ್ಲು ಕತ್ತರಿಸುವ ಯಂತ್ರ ಮಾಡಲಿಲ್ಲವೇ ಅಂದರೆ, ಮಾಡಿದ್ದಾರೆ. ಆದರೆ ಹುಲ್ಲು ದನದ ಬಾಯಿಗೆ ಹೋಗುವ ಯಂತ್ರ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಮೊದಲು ತಯಾರಿಸಿದ ವಸ್ತುಗಳಲ್ಲಿ ಮೇವು ಕತ್ತರಿಸುವ ಯಂತ್ರ ಒಂದು. ಅದರ ಹಿಂದೆಯೇ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಅಂತ ರೈತರು ಹೆದರಿ, ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಅಂತ ಹೇಳುತ್ತಾರೆ. 1910ರಲ್ಲಿ ಔಂಧ್ ಸಂಸ್ಥಾನದ ರಾಜ ಜಾಗ ಕೊಟ್ಟ ಮೇಲೆ ಕಾರ್ಖಾನೆ ಅಲ್ಲಿಗೆ ಹೋಗಿ ಕಿರ್ಲೋಸ್ಕರವಾಡಿ ಆಯಿತು. ನಮ್ಮ ಎರೆಭೂಮಿಯಲ್ಲಿ ಆಳಕ್ಕೆ ಉಳುವ ಕಬ್ಬಿಣದ ನೇಗಿಲು ಬೇಕಾದದ್ದಕ್ಕೆ ಒಂದು ಮುಖ್ಯ ಕಾರಣ, ಊಹಿಸಿರಬಹುದು, ಕರಕಿ.

ಸಿಲಿಂಡರ್ ಬಿಟ್ಟರೆ ಇನ್ನೊಂದು ಜಾತಿ ರೋಟರಿ. ಫ್ಯಾನಿನಂತೆ ಅಡ್ಡಡ್ಡ ತಿರುಗುವ ಅಲಗು. ಆಸ್ಟ್ರೇಲಿಯಾದ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ 1952ರಲ್ಲಿ ಸಿಡ್ನಿಯಲ್ಲಿ ತನ್ನ ಮನೆಯಲ್ಲೇ ಒಂದು ಮಾಡಿದ, ಪೆಟ್ರೋಲ್ ಟ್ಯಾಂಕ್ ಅಂತ ಪೀಚ್ ಹಣ್ಣಿನ ಖಾಲಿ ಡಬ್ಬಿ ಕಟ್ಟಿದ್ದ. ಅದೇ ವಿಕ್ಟಾ ಕಂಪನಿ ಆಯಿತು. ರಾಯಚೂರಿನ ಅಂಗಡಿಯವನು ತೋರಿಸಿದ ಕಟರಿಗೆ ಹಾಕುವ ನೈಲಾನ್ ದಾರದ ಉಪಾಯ 1971ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಾಲಸ್‌ನದ್ದು. ಕಾರು ತೊಳೆಯುವ ಯಂತ್ರದ ತಿರುಗುವ ಬ್ರಷ್ ನೋಡಿ ಹೊಳೆದದ್ದಂತೆ. ಇದೂ ಕೋಡ್ ರೀಯೂಸೇ!

ವ್ಯತ್ಯಾಸ ಇಷ್ಟು. ಸಿಲಿಂಡರ್ ಎರಡು ಅಲಗಿನ ನಡುವೆ ಹಿಡಿದು ಕತ್ತರಿಸುತ್ತೆ, ರೋಟರಿ ವೇಗದಿಂದ ಹೊಡೆದು ಹರಿಯುತ್ತೆ. ರೋಟರಿಗೆ ಉದ್ದ ಹುಲ್ಲು, ಒರಟು ನೆಲ ಎಲ್ಲಾ ನಡೆಯುತ್ತೆ, ಆದರೆ ಕಲ್ಲು ಸಿಕ್ಕರೆ ಗುಂಡಿನ ಹಾಗೆ ಹಾರಿಸುತ್ತೆ, ಹಿತ್ತಲಲ್ಲಿ ಅಕ್ಕನ ಮಕ್ಕಳು ಓಡಾಡುತ್ತಿರುತ್ತಾರೆ. ಪೆಟ್ರೋಲಿನದ್ದು ಭಾರ, ಹಗ್ಗ ಎಳೆದು ಚಾಲು ಮಾಡಬೇಕು. ವಯರಿನದ್ದು ನಮ್ಮ ಕರೆಂಟು ನಂಬಿ ತರುವ ಹಾಗಿಲ್ಲ, ವಯರೇ ಕತ್ತರಿಸಿಕೊಂಡರೆ ಅದು ಬೇರೆ ಕತೆ. ಬ್ಯಾಟರಿಯದ್ದು ನಿಜವಾಗಿ ಆಸೆ ಹುಟ್ಟಿಸಿತು, ಆದರೆ ಬ್ಯಾಟರಿ ಸತ್ತರೆ ಮಟಮಾರಿಯಲ್ಲಿ ಯಾರನ್ನು ಕೇಳುವುದು? ಕರಕಿ ಸಣ್ಣ ಎಲೆಯ, ಗಿಡ್ಡಕ್ಕೆ ಕತ್ತರಿಸಿದಷ್ಟೂ ದಟ್ಟವಾಗುವ ಹುಲ್ಲು. ಒಂದು, ಒಂದೂವರೆ ಅಂಗುಲ ಎತ್ತರಕ್ಕೆ ಸಿಲಿಂಡರೇ ಸರಿ. ಸಾವಿರ ಚದರಡಿಗೆ ಕೈಯಲ್ಲಿ ತಳ್ಳುವುದು ಸಾಕು. ಕೊನೆಗೆ ತರಿಸಿದ್ದು 14 ಅಂಗುಲದ, ಹಿಂದೆ ಹುಲ್ಲು ತುಂಬುವ ಚೀಲ ಇರುವ, ಎಂಜಿನ್ ಇಲ್ಲದ ತಳ್ಳುಗಾಡಿ. ಅಂದರೆ 1830ರ ಯಂತ್ರದ ಮೊಮ್ಮಗ.

ಮೊದಲ ದಿನ ಅದು ಒಂದು ಅಡಿಯೂ ಹೋಗಲಿಲ್ಲ. ಹುಲ್ಲು ಉದ್ದ ಇದ್ದರೆ ಸಿಲಿಂಡರ್ ಅದನ್ನು ಮಲಗಿಸುತ್ತೆ ಅಷ್ಟೆ. ಕುಡಗೋಲಿನಲ್ಲಿ ಮೊದಲು ನಾನೇ ಕೊಯ್ದು ಗಿಡ್ಡ ಮಾಡಿದೆ. ಅಪ್ಪ ಹೊರಸಿನ ಮೇಲೆ ಕೂತು ನನ್ನ ಕೈವರಸೆಯ ಬಗ್ಗೆ ಬೀದಿಗೆ ಕೇಳುವಂತೆ ಕಾಮೆಂಟರಿ ಕೊಟ್ಟ. ಆಮೇಲೆ ಎದ್ದು ಬಂದು ಹಿಡಿ ಹಿಡಿದ. ಮೇಳಿ ಹಿಡಿದ ಕೈ, ಸಾಲು ನೆಟ್ಟಗೆ ಬಂತು. ನನ್ನದು ಸೊಟ್ಟ.

ಎರಡು ತಿಂಗಳಲ್ಲಿ ಒಂದು ಹರಳು ಸಿಕ್ಕು ಕೆಳಗಿನ ಅಲಗಿಗೆ ಕಚ್ಚು ಬಿತ್ತು. ಕಂಪನಿಯ ಸರ್ವಿಸ್ ಸೆಂಟರ್ ನಮ್ಮ ಕಡೆ ಇಲ್ಲ. ನಾನು ಬೆಂಗಳೂರಿನಿಂದ ವಿಡಿಯೋ ಕಳಿಸಿ ಹೀಗೆ ಸಾಣೆ ಹಿಡಿ ಅಂತ ಪಾಠ ಮಾಡುವಷ್ಟರಲ್ಲಿ ಅಪ್ಪ ಯಂತ್ರವನ್ನು ಟಂಟಂನಲ್ಲಿ ಹಾಕಿಕೊಂಡು ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆಗೆ ಹೋಗಿದ್ದ. ವರ್ಷಗಟ್ಟಲೆ ಹತ್ತಿ ಹಾಕಿದ ಜಾಗ, ಅಲ್ಲಿಯ ಫಿಟ್ಟರ್ ಪರಿಚಯ. ರೋಲರ್ ಜಿನ್ನಿನಲ್ಲೂ ಒಂದು ಅಲಗು ನಿಂತಿರುತ್ತೆ, ಇನ್ನೊಂದು ಆಡುತ್ತಿರುತ್ತೆ, ಅವುಗಳ ನಡುವೆ ಬೀಜದಿಂದ ಅರಳೆ ಬೇರೆಯಾಗುತ್ತೆ. 1840ರಲ್ಲಿ ಫೋನ್ಸ್ ಮೆಕಾರ್ಥಿ ಪೇಟೆಂಟ್ ಪಡೆದ ವಿನ್ಯಾಸ ಅದು. ಫಿಟ್ಟರ್ ನಮ್ಮ ಯಂತ್ರ ಮಗುಚಿ ನೋಡಿ "ಇದು ನಮ್ದ ಐತಲ್ಲ" ಅಂದನಂತೆ. ಅರ್ಧ ಗಂಟೆಯಲ್ಲಿ ಅಲಗು ತೀಡಿ, ನಡುವಿನ ಸಂದು ಹೊಂದಿಸಿ, ಒಂದು ಹಾಳೆ ತೂರಿಸಿ ಕತ್ತರಿಸಿ ತೋರಿಸಿದ. ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ವಾರಕ್ಕೆರಡು ಸಲ ಅಪ್ಪ ಹುಲ್ಲು ಕತ್ತರಿಸುತ್ತಾನೆ. ಹುಡುಗರಿಂದ ಕಲ್ಲು ಆರಿಸುತ್ತಾನೆ, ಚೀಲ ತುಂಬಿದ ಹುಲ್ಲು ಪಕ್ಕದ ಮನೆಯ ಎಮ್ಮೆಗೆ ಹೋಗುತ್ತೆ, ಎಮ್ಮೆಯ ಹಾಲು ಕಾಲು ಲೀಟರ್ ಜಾಸ್ತಿ ಬರುತ್ತೆ ಅಂತ ವಾದಿಸುತ್ತಾನೆ. ನಾನು ತಕರಾರು ಮಾಡಿಲ್ಲ. ಗಣೇಶ ಚೌತಿಯ ದಿನ ಮಾತ್ರ ಫಜೀತಿಯಾಯಿತು. ಕರಕಿ ಸಾಕಿರುವ ಮನೆ ಅಂತ ಓಣಿಯವರೆಲ್ಲ ಇಪ್ಪತ್ತೊಂದು ಗರಿಕೆ ಕೇಳಿಕೊಂಡು ಬಂದರು. ಒಂದು ಅಂಗುಲದ ಹುಲ್ಲಿನಲ್ಲಿ ಕುಡಿ ಎಲ್ಲಿಂದ ಬರಬೇಕು? ಅಪ್ಪ ಅವರನ್ನೆಲ್ಲ ಕೂರಿಸಿ, ಕೋಲು ಊರಿಕೊಂಡು, ಪಾಲಿಗೆ ಕೊಟ್ಟ ಹೊಲದ ಬದುವಿಗೆ ಹೋಗಿ ಕಿತ್ತು ತಂದ. ಮೊನ್ನೆ ಫೋನು ಮಾಡಿದಾಗ ಹೇಳಿದ, ಬೇಲಿಯ ಹತ್ತಿರ ಒಂದು ಮೂಲೆ ಕತ್ತರಿಸದೆ ಬಿಟ್ಟಿದ್ದಾನಂತೆ.